ಎರಡು ಡ್ಯಾಶ್ ಎಲ್ಲಿ ಹೋಯಿತು?

ಉದ್ದ ಆಪ್ಷನ್‌ಗಳ ಬಗ್ಗೆ ಬರೆಯುತ್ತೇನೆಂದು ಕಳೆದ ವಾರ ಮಾತು ಕೊಟ್ಟಿದ್ದೆ. ಅದಕ್ಕೆ ಮೊದಲು ‘ವೈಲ್-ಕೇಸ್-ಶಿಫ್ಟ್’ ಪಂಗಡದವರ ಹಳೇ ಬಾಕಿ ತೀರಿಸಬೇಕು. ಶೆಲ್ ಸ್ಕ್ರಿಪ್ಟ್‌ಗೆ ಗೆಟ್‌ಆಪ್ಟ್ಸ್ ಯಾಕೆ, ಕೈಯಲ್ಲಿ ಬರೆದ ಲೂಪ್ ಸಾಲದೇ ಎನ್ನುತ್ತಾರೆ ಇವರು. ಬರೆದವರಿಗೆ ಸಾಕು ಸ್ವಾಮಿ, ಬಳಸುವವರ ಕಥೆ? ಡ್ಯಾಶ್ ವಿ, ಡ್ಯಾಶ್ ಎನ್ ಎರಡನ್ನೂ ಕೂಡಿಸಿ ‘-ವಿಎನ್’ ಎಂದು ಹೊಡೆದರೆ ಆ ಲೂಪ್ ಪರಿಚಯವೇ ಇಲ್ಲದವರಂತೆ ಮುಖ ತಿರುಗಿಸುತ್ತದೆ. ಡ್ಯಾಶ್ ಓ ಆದಮೇಲೆ ಸ್ಪೇಸ್ ಬಿಡದೆ ಫೈಲ್ ಹೆಸರು ಬರೆದರೂ ಅದೇ ಗತಿ. 1986ರ ಸಿಸ್ಟಮ್ ಫೈವ್ ರಿಲೀಸ್ 3ರ ಬೋರ್ನ್ ಶೆಲ್‌ನಲ್ಲಿ ಬಂದ ಗೆಟ್‌ಆಪ್ಟ್ಸ್ ಇವೆರಡನ್ನೂ ತಾನೇ ಬಿಡಿಸಿಕೊಡುತ್ತದೆ. ಆಪ್ಷನ್ ಪಟ್ಟಿಯ ಮೊದಲಿಗೆ ಒಂದು ಕೋಲನ್ ಇಟ್ಟರೆ ತನ್ನ ಗೊಣಗಾಟ ನಿಲ್ಲಿಸಿ, ಬೈಯುವ ಕೆಲಸವನ್ನೂ ನಮಗೇ ಬಿಡುತ್ತದೆ.

ಕೊನೆಯ ‘ಎಸ್’ ಇಲ್ಲದ ಗೆಟ್‌ಆಪ್ಟ್ ಕಮಾಂಡ್ ಬೇರೆಯೇ ಪ್ರಾಣಿ. ಹಳೆಯ ಗೆಟ್‌ಆಪ್ಟ್‌ಗೆ ‘ಜಾತ್ರೆ ಖರ್ಚು’ ಎಂಬ ಫೈಲ್ ಕೊಡಿ, ಜಾತ್ರೆ ಒಂದು ಕಡೆ, ಖರ್ಚು ಇನ್ನೊಂದು ಕಡೆ. ಲಿನಕ್ಸ್‌ನ ಯುಟಿಲ್-ಲಿನಕ್ಸ್ ಆವೃತ್ತಿ ಇದನ್ನು ಸರಿಪಡಿಸಿ ಉದ್ದ ಆಪ್ಷನ್‌ಗಳನ್ನೂ ಕೊಟ್ಟಿದೆ, ನಿಜ. ಆದರೆ ಮ್ಯಾಕ್‌ನಲ್ಲಿ ಸಿಗುವುದು ಹಳೆಯದೇ.

ಉದ್ದ ಆಪ್ಷನ್ ಇನ್ನೊಂದು ವಾರ ಕಾಯಲಿ. ಬರೀ ಎರಡು ಡ್ಯಾಶ್, ಮುಂದೆ ಅಕ್ಷರವೇ ಇಲ್ಲ, ಅದರದ್ದು ಹೆಚ್ಚು ಸ್ವಾರಸ್ಯ. ‘ಆಪ್ಷನ್ ಇಲ್ಲಿಗೆ ಮುಗಿಯಿತು, ಇನ್ನು ಬರುವುದೆಲ್ಲ ಹೆಸರು’ ಎಂದು ಅದರ ಅರ್ಥ. ಫೋಲ್ಡರಿನಲ್ಲಿ ಯಾರೋ ಕಿಡಿಗೇಡಿ ‘-ಆರ್‌ಎಫ್’ ಎಂಬ ಫೈಲ್ ಇಟ್ಟಿದ್ದಾನೆ, ನೀವು ‘ಆರ್‌ಎಂ’ ಮುಂದೆ ನಕ್ಷತ್ರ ಹಾಕಿ ಎಂಟರ್ ಒತ್ತಿದಿರಿ ಎನ್ನಿ. ಗ್ನೂ ಆರ್‌ಎಂ ಆಪ್ಷನ್ ಎಲ್ಲಿದ್ದರೂ ಹೆಕ್ಕಿಕೊಳ್ಳುವ ಜಾಯಮಾನದ್ದು. ಒಳಗಿನ ಫೋಲ್ಡರ್‌ಗಳೆಲ್ಲ ಸದ್ದಿಲ್ಲದೆ ಗುಡಿಸಿಹೋಗುತ್ತವೆ, ಉಳಿಯುವುದು ಆ ಕಿಡಿಗೇಡಿ ಫೈಲ್ ಮಾತ್ರ!

ನಕ್ಷತ್ರಕ್ಕೆ ಮೊದಲು ಎರಡು ಡ್ಯಾಶ್ ಹಾಕಿದ್ದರೆ ಆ ಫೋಲ್ಡರ್‌ಗಳು ಉಳಿಯುತ್ತಿದ್ದವು. ಇದು ಗೊತ್ತಿದ್ದವರೂ ಎಡವುವ ಜಾಗ ಒಂದಿದೆ. ಬಳಸುವವರು ಜಾಗ್ರತೆಯಿಂದ ಎರಡು ಡ್ಯಾಶ್ ಕೊಟ್ಟೇ ನಿಮ್ಮ ಸ್ಕ್ರಿಪ್ಟ್ ಓಡಿಸುತ್ತಾರೆ. ಗೆಟ್‌ಆಪ್ಟ್ಸ್ ಅದನ್ನು ದಾಟಿ ನಿಲ್ಲುತ್ತದೆ. ಮುಂದೆ ಓದಬೇಕಾದ್ದು ಎಷ್ಟನೆಯದು ಎಂದು ಅದು ಬರೆದಿಡುವ ಆಪ್ಟ್‌ಇಂಡ್‌ನಲ್ಲಿ ಒಂದು ಕಳೆದು ಶಿಫ್ಟ್ ಮಾಡಿದಾಗ ಅದೂ ಆಪ್ಷನ್‌ಗಳ ಜೊತೆಗೇ ಹೋಯಿತು. ಉಳಿದ ಹೆಸರುಗಳನ್ನು ನೀವು ಹಾಗೇ ಆರ್‌ಎಂ ಕೈಗೆ ದಾಟಿಸಿದರೆ ಅವರ ಜಾಗ್ರತೆ ನೀರುಪಾಲು. ಅಲ್ಲಿ ಎರಡು ಡ್ಯಾಶನ್ನು ನೀವೇ ಮತ್ತೆ ಬರೆಯಬೇಕು.