ಮಧ್ಯದಾಟದಲ್ಲಿ ನಡೆಯ ಆಯ್ಕೆ: ಕೋಟೊವನ ನಿಯಮದ ವಿಮರ್ಶೆ

ಚದುರಂಗಪಟುವಿನ ವಿಚಾರಕ್ರಮವನ್ನು ಕುರಿತು ಅಲೆಕ್ಸಾಂಡರ್ ಕೋಟೊವನು (1913–1981) ರಷ್ಯನ್ ಭಾಷೆಯಲ್ಲಿ ಬರೆದ ಗ್ರಂಥವು 1970ರಲ್ಲಿ ಪ್ರಕಟವಾಗಿ, ಮರುವರ್ಷವೇ ಇಂಗ್ಲಿಷಿಗೆ ಪರಿವರ್ತಿತವಾಯಿತು. ಅಂದಿನಿಂದ ‘ಉಮೇದುವಾರ ನಡೆ’ ಎಂಬ ಮಾತು ಆಟಗಾರರ ನಾಲಗೆಯ ಮೇಲೆ ನೆಲಸಿದೆ. ಗ್ರಂಥಕರ್ತನು ಬರಿಯ ಉಪದೇಶಕನಲ್ಲ. 1952ರಲ್ಲಿ ಸ್ವೀಡನ್ನಿನಲ್ಲಿ ನಡೆದ ಅಂತರ್ವಲಯ ಪಂದ್ಯಾವಳಿಯಲ್ಲಿ 20 ಆಟಗಳಿಂದ 16½ ಅಂಕಗಳನ್ನು ಗಳಿಸಿ ಮೊದಲಿಗನಾದವನು. ಅವನ ಮಾತಿಗೆ ಬಂದ ಗೌರವವು ಸಹಜವೇ ಸರಿ. ಆದರೆ ಆ ಗೌರವದ ನೆರಳಿನಲ್ಲಿ ಅವನ ನಿಯಮವು ಬಹುಕಾಲ ಪರೀಕ್ಷೆಯಿಲ್ಲದೆ ಉಳಿದುಬಂದಿತು.

ನಿಯಮದ ಸ್ವರೂಪವು ಸರಳವಾದುದು. ಆಟಗಾರನು ಮೊದಲು ಪರಿಶೀಲನೆಗೆ ಅರ್ಹವಾದ ನಡೆಗಳೆಲ್ಲವನ್ನೂ ಎಣಿಸಿಕೊಳ್ಳಬೇಕು; ಬಳಿಕ ಒಂದೊಂದನ್ನೂ ಮರದ ಕೊಂಬೆಯಂತೆ ತುದಿಯವರೆಗೆ ನೋಡಬೇಕು; ಒಮ್ಮೆ ನೋಡಿದ ಕೊಂಬೆಗೆ ಮರಳಿ ಹೋಗಕೂಡದು. ಈ ಕಟ್ಟಳೆಗೆ ಕಾರಣವಾದ ವ್ಯಾಧಿಯನ್ನು ಗ್ರಂಥಕರ್ತನು ಚೆನ್ನಾಗಿ ಬಣ್ಣಿಸಿದ್ದಾನೆ. ಆಟಗಾರನೊಬ್ಬನು ಎರಡು ನಡೆಗಳ ನಡುವೆ ತೂಗುಯ್ಯಾಲೆಯಾಡುತ್ತ ಗಡಿಯಾರವನ್ನು ಮರೆತು, ಕೊನೆಗೆ ಗಾಬರಿಗೊಂಡು, ತಾನು ಒಂದು ಕ್ಷಣವೂ ಯೋಚಿಸದ ಮೂರನೆಯ ನಡೆಯನ್ನು ಆಡಿಬಿಡುತ್ತಾನೆ. ಹಲಗೆಯ ಮುಂದೆ ಕುಳಿತವರಲ್ಲಿ ಈ ಚಿತ್ರದಲ್ಲಿ ತಮ್ಮ ಮುಖವನ್ನು ಕಾಣದವರು ವಿರಳ.

ರೋಗನಿದಾನವು ಸರಿಯಾಗಿದ್ದಮಾತ್ರಕ್ಕೆ ಔಷಧವೂ ಸರಿಯೆನ್ನಲಾಗದು. ಈ ಗ್ರಂಥಕ್ಕಿಂತ 24 ವರ್ಷಗಳ ಹಿಂದೆಯೇ, 1946ರಲ್ಲಿ, ಹಾಲೆಂಡಿನ ಆಡ್ರಿಯಾನ್ ಡ ಖ್ರೋಟನು ಇದೇ ವಿಷಯದಲ್ಲಿ ಪ್ರಬಂಧವನ್ನು ರಚಿಸಿದ್ದನು. ಅಲೆಖಿನ್, ಕೆರೆಸ್, ಯೂವೆ ಮೊದಲಾದವರ ಮುಂದೆ ಮಧ್ಯದಾಟದ ಸ್ಥಿತಿಯೊಂದನ್ನಿಟ್ಟು, ಅವರು ಯೋಚಿಸುತ್ತ ಬಾಯ್ಬಿಟ್ಟು ಆಡಿದ ಮಾತುಗಳನ್ನು ಅವನು ದಾಖಲಿಸಿದನು. ಅದರಿಂದ ತಿಳಿದುಬಂದುದೇನೆಂದರೆ, ಅವರು ನೋಡಿದ ನಡೆಯನ್ನೇ ಮತ್ತೆ ಮತ್ತೆ ನೋಡುತ್ತಿದ್ದರು; ಪ್ರತಿಸಾರಿಯೂ ಇನ್ನಷ್ಟು ಆಳಕ್ಕಿಳಿಯುತ್ತಿದ್ದರು. ಮೇಲ್ತರದವರು ಕೆಳತರದವರಿಗಿಂತ ಬಹಳ ಹೆಚ್ಚು ನಡೆಗಳನ್ನು ಎಣಿಸುತ್ತಿದ್ದರೆಂಬುದೂ ಕಂಡುಬರಲಿಲ್ಲ. ಅವರ ಹಿರಿಮೆಯಿದ್ದುದು ಮೊದಲ ನೋಟದಲ್ಲಿ.

ಮರಳಿ ನೋಡುವುದು ಚಾಂಚಲ್ಯದ ಲಕ್ಷಣವೇ ಆಗಬೇಕಾಗಿಲ್ಲ. ಆನೆಯ ನಡೆಯೊಂದನ್ನು ಪರಿಶೀಲಿಸಿ, ಫಲವಿಲ್ಲವೆಂದು ಬಿಟ್ಟದ್ದಾಯಿತೆನ್ನೋಣ. ಬಳಿಕ ಕುದುರೆಯ ನಡೆಯನ್ನು ನೋಡುವಾಗ ಎದುರಾಳಿಯ ಹಿಂದಿನ ಸಾಲು ದುರ್ಬಲವಾಗಿರುವುದು ಗೋಚರಿಸುತ್ತದೆ. ಈ ಹೊಸ ತಿಳಿವಿನಿಂದ ಮೊದಲು ಬಿಟ್ಟ ಆನೆಯ ನಡೆಯ ಬೆಲೆಯೇ ಬದಲಾಗಬಹುದು. ನಿಯಮಕ್ಕೆ ಶರಣಾದವನು ಅದನ್ನು ಮರಳಿ ನೋಡಲಾರ. ಗೆಲವು ಎದುರಿಗಿದ್ದೂ ಕೈತಪ್ಪುವುದು. ಉಮೇದುವಾರರ ಪಟ್ಟಿಯೆಂಬುದು ವಿಚಾರದ ಮೊದಲಲ್ಲಿಯೇ ಸಿದ್ಧವಾಗಿರತಕ್ಕ ವಸ್ತುವಲ್ಲ. ಅದರಲ್ಲಿ ಹಲವು ಹೆಸರುಗಳು ವಿಚಾರದ ಮಧ್ಯದಲ್ಲಿಯೇ ಹುಟ್ಟುತ್ತವೆ.

ಇಲ್ಲಿ ಇನ್ನೊಂದು ವಿನೋದವುಂಟು. ನಿಯಮವು ಮನುಷ್ಯನಿಂದ ಯಂತ್ರದ ಶಿಸ್ತನ್ನು ಬಯಸುತ್ತದೆ. ಆದರೆ ಚದುರಂಗವಾಡುವ ಗಣಕಯಂತ್ರಗಳೇ ಆ ಶಿಸ್ತನ್ನು ಪಾಲಿಸುವುದಿಲ್ಲ. ಅವು ಎಲ್ಲ ನಡೆಗಳನ್ನೂ ಮೊದಲು ಕಡಮೆ ಆಳದವರೆಗೆ ನೋಡಿ, ಮೊದಲಿನಿಂದ ಆರಂಭಿಸಿ ಇನ್ನೊಂದು ಹೆಜ್ಜೆ ಆಳಕ್ಕೆ, ಹೀಗೆ ಒಂದೇ ಕೊಂಬೆಯನ್ನು ಹತ್ತಾರು ಸಾರಿ ಹತ್ತಿಳಿಯುತ್ತವೆ; ಹಿಂದಿನ ಸುತ್ತಿನಲ್ಲಿ ಮೇಲೆನಿಸಿದ ನಡೆಯನ್ನು ಮುಂದಿನ ಸುತ್ತಿನಲ್ಲಿ ಮೊದಲು ಪರೀಕ್ಷಿಸುತ್ತವೆ.

ಗ್ರಂಥಕರ್ತನ ಕೀರ್ತಿಗೆ ಮುಕುಟಪ್ರಾಯವಾದ ಆಟವೂ ಅವನ ನಿಯಮಕ್ಕೆ ಸಾಕ್ಷಿ ಹೇಳುವುದಿಲ್ಲ. 1953ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಅವೆರ್ಬಾಖನೊಡನೆ ಆಡುತ್ತ ಅವನು 30ನೆಯ ನಡೆಯಲ್ಲಿ ಎಚ್3 ಮನೆಯಲ್ಲಿ ಮಂತ್ರಿಯನ್ನೇ ಬಲಿಯಿತ್ತು, ಬಿಳಿಯ ರಾಜನನ್ನು ಎಫ್5ರವರೆಗೆ ಬಯಲಿಗೆಳೆದನು. ಎದುರಾಳಿಯು ಸೋಲೊಪ್ಪಿದುದು 51ನೆಯ ನಡೆಯ ತರುವಾಯ. ನಡುವೆ ಕರಿಯ ಕುದುರೆಯು ಎಫ್6 ಮತ್ತು ಜಿ8 ಮನೆಗಳ ನಡುವೆ ಹೋಗಿ ಬಂದು, ಕಂಡ ಸ್ಥಿತಿಯೇ ಮರಳಿ ಕಾಣುವಂತೆ ಮಾಡಿತು. ಇಷ್ಟು ದೂರದ ಕೊನೆಯನ್ನು ಆರಂಭದಲ್ಲಿಯೇ ಎಣಿಸಿ ಮುಗಿಸಲಾಗಿತ್ತೆಂದು ನಂಬುವುದು ಕಷ್ಟ. ಬಯಲಿಗೆ ಬಂದ ರಾಜನು ಉಳಿಯಲಾರನೆಂಬ ತೀರ್ಮಾನವು ಲೆಕ್ಕಕ್ಕಿಂತ ಮುಂದೆ ನಡೆದಿರಬೇಕು.

ಹಾಗಾದರೆ ಗ್ರಂಥದಲ್ಲಿ ಉಳಿಯುವುದೇನು? ಅಭ್ಯಾಸಕ್ರಮವು ಉಳಿಯುತ್ತದೆ. ಜಟಿಲವಾದ ಸ್ಥಿತಿಯೊಂದನ್ನು ಹಲಗೆಯ ಮೇಲಿಟ್ಟು, ಕಾಯಿಗಳನ್ನು ಮುಟ್ಟದೆ ಅರ್ಧ ಗಂಟೆಯೋ ಒಂದು ಗಂಟೆಯೋ ಯೋಚಿಸಿ, ಕಂಡದ್ದನ್ನು ಬರೆದು, ಬಲ್ಲವರ ಟಿಪ್ಪಣಿಯೊಡನೆ ಹೋಲಿಸುವ ಸಾಧನೆಯು ಇಂದಿಗೂ ಶ್ಲಾಘ್ಯವಾದುದು. ‘ಒಮ್ಮೆಯೇ’ ಎಂಬ ಕಟ್ಟಳೆಯು ಈ ಸಾಧನೆಯ ಕೊಠಡಿಯಲ್ಲಿ ವ್ಯಾಯಾಮವಾಗಿ ಇರಬಹುದು. ಪಂದ್ಯದಲ್ಲಿ ಅದನ್ನು ಕಾನೂನೆಂದು ತಿಳಿದ ವಿದ್ಯಾರ್ಥಿಯು ತನ್ನ ಮನಸ್ಸಿನ ಸಹಜವಾದ ನಡಗೆಯನ್ನೇ ದೋಷವೆಂದು ಭ್ರಮಿಸುತ್ತಾನೆ. ಆಯ್ದ ನಡೆಯನ್ನು ಮೊದಲು ಬರೆದುಕೊಂಡು, ಬಳಿಕ ಹೊಸಬನ ಕಣ್ಣಿನಿಂದ ಹಲಗೆಯನ್ನೊಮ್ಮೆ ನೋಡಿ ಆಡಬೇಕೆಂಬ ಬ್ಲೂಮೆನ್‌ಫೆಲ್ಡನ ಸೂತ್ರವನ್ನೂ ಕೋಟೊವನು ಆದರದಿಂದ ಎತ್ತಿಹೇಳಿದ್ದಾನೆ. ಮುಂದಾಗಿ ಬರೆಯುವುದನ್ನು ಅಂತರರಾಷ್ಟ್ರೀಯ ನಿಯಮಾವಳಿಯು 2005ರಲ್ಲಿ ನಿಷೇಧಿಸಿತು. ಆ ಕೊನೆಯ ನೋಟಕ್ಕೆ ಮಾತ್ರ ನಿಷೇಧವಿಲ್ಲ. ಅದೂ ನೋಡಿದ ಕೊಂಬೆಯನ್ನು ಮರಳಿ ನೋಡುವುದೇ ಆಗಿದೆ.