ಎಣಿಕೆಗೆ ಬಂದದ್ದು ಕೋಶವೋ, ಕೊಬ್ಬೋ?

ಪ್ರಯೋಗಾಲಯಗಳಿಗೆ ಮಾರುವ ಸೆಲ್ ಕೌಂಟರ್‌ಗಳ ಬ್ರೋಷರ್ ನಾಲ್ಕೈದು ಓದಿದರೆ ಸಾಕು, ಎಲ್ಲದರ ಧಾಟಿಯೂ ಒಂದೇ ಅಂತ ಗೊತ್ತಾಗುತ್ತೆ. ಒಂದು ಹನಿ ಸ್ಯಾಂಪಲ್ ಹಾಕಿ, ಸ್ಲೈಡ್ ತೂರಿಸಿ, ಒಂದು ನಿಮಿಷದೊಳಗೆ ಉತ್ತರ. ಮನುಷ್ಯರ ಕಣ್ಣಿನ ಪಕ್ಷಪಾತ ಇಲ್ಲ, ಯಾರು ಎಣಿಸಿದರೂ ಅದೇ ಸಂಖ್ಯೆ. ವೇಗದ ವಿಚಾರ ನಿಜ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು ಪಕ್ಷಪಾತದ ಮಾತಿನ ಬಗ್ಗೆ. ನಾನು ಬಯಾಲಜಿ ಓದಿದವನಲ್ಲ, ಬಿಇ ಮಾಡಿ ಕೋಡ್ ಬರೆಯೋನು. ಚಿತ್ರದೊಳಗಿನ ವಸ್ತುಗಳನ್ನ ಗುರುತಿಸೋ ಸಾಫ್ಟ್‌ವೇರ್ ಒಳಗೆ ಏನಿರುತ್ತೆ ಅಂತ ಗೊತ್ತಿರೋದರಿಂದಲೇ ಈ ಮಾತು.

ಹಳೇ ಪದ್ಧತಿ ಏನು ಅಂತ ಮೊದಲು ನೋಡೋಣ. ನ್ಯೂಬಾವರ್ ಚೇಂಬರ್ ಅಂದರೆ ಗೆರೆ ಕೊರೆದ ದಪ್ಪ ಗಾಜಿನ ಸ್ಲೈಡ್. ಒಂದೊಂದು ದೊಡ್ಡ ಚೌಕವೂ 1 ಮಿಮೀ ಉದ್ದ, 1 ಮಿಮೀ ಅಗಲ, 0.1 ಮಿಮೀ ಆಳ. ಮೈಕ್ರೋಸ್ಕೋಪ್ ಕೆಳಗಿಟ್ಟು ಒಂದು ಚೌಕಕ್ಕೆ ಸರಾಸರಿ ಎಷ್ಟು ಕೋಶ ಬಂತು ಅಂತ ಎಣಿಸಿ, 10,000ದಿಂದ ಗುಣಿಸಿದರೆ ಒಂದು ಎಂಎಲ್‌ಗೆ ಎಷ್ಟು ಅಂತ ಸಿಗುತ್ತೆ. ಟ್ರೈಪಾನ್ ಬ್ಲೂ ಅನ್ನೋ ಬಣ್ಣ ಬೆರೆಸಿದರೆ ಸತ್ತ ಕೋಶ ನೀಲಿಯಾಗುತ್ತೆ, ಬದುಕಿದ್ದು ಬೆಳ್ಳಗೇ ಇರುತ್ತೆ. ಬೇಜಾರಿನ ಕೆಲಸ, ಕಣ್ಣು ಉರಿಯುತ್ತೆ. ಇಬ್ಬರು ಎಣಿಸಿದರೆ ಎರಡು ಉತ್ತರ. ಈ ಎರಡು ಉತ್ತರಗಳನ್ನೇ ಬ್ರೋಷರ್‌ಗಳು ದೋಷ ಅಂತ ತೋರಿಸೋದು. ನನಗೆ ಅದರಲ್ಲೊಂದು ಗುಣವೂ ಕಾಣುತ್ತೆ. ಇಬ್ಬರೂ ಒಂದೇ ಗಾಜಿನ ಮೇಲೆ ಬಗ್ಗಿ, 'ಇದನ್ಯಾಕೆ ಬಿಟ್ಟೆ, ಇದು ಕಸ ಕಣೋ' ಅಂತ ಜಗಳ ಆಡಬಹುದು.

ಕ್ಯಾಮೆರಾ ಇರೋ ಯಂತ್ರದಲ್ಲಿ ಆ ಜಗಳವನ್ನ ಮೂರ್ನಾಲ್ಕು ಅಂಕಿ ಮುಗಿಸಿಬಿಡುತ್ತವೆ. ವ್ಯಾಸ ಇಷ್ಟು ಮೈಕ್ರಾನ್‌ಗಿಂತ ಹೆಚ್ಚಿರಬೇಕು, ಇಷ್ಟು ದುಂಡಗಿರಬೇಕು, ಇಷ್ಟು ಹೊಳಪಿರಬೇಕು. ಅದರಾಚೆ ಇರೋದೆಲ್ಲ ಕಸ. ಅಂಟಿಕೊಂಡಿರೋ ಮೂರು ಕೋಶ ಮೂರಾ, ಒಂದಾ ಅನ್ನೋದೂ ಅಲ್ಲೇ ತೀರ್ಮಾನ. ಈ ಅಂಕಿಗಳನ್ನ ಯಾರೋ ಒಬ್ಬ ಎಂಜಿನಿಯರ್ ಯಾವುದೋ ಒಂದು ಬಗೆಯ ಕೋಶ ಇಟ್ಟುಕೊಂಡು ಹೊಂದಿಸಿ, 'ಡೀಫಾಲ್ಟ್' ಅಂತ ಹೆಸರಿಟ್ಟಿರ್ತಾನೆ. ನಿಮ್ಮ ಕೋಶ ಬೇರೆ ಜಾತಿಯದಾಗಿದ್ದರೆ? ಯಂತ್ರ ಆಗಲೂ ಅಷ್ಟೇ ಧೈರ್ಯದಿಂದ ಸಂಖ್ಯೆ ಕೊಡುತ್ತೆ. ಯಾರು ಒತ್ತಿದರೂ ಅದೇ ಉತ್ತರ ಬರುತ್ತೆ ಅನ್ನೋದೇನೋ ಸರಿ. ತಪ್ಪಾಗಿದ್ದರೂ ಅದೇ ಉತ್ತರವೇ ಬರೋದು.

ಇದಕ್ಕೆ ನನಗೆ ಗೊತ್ತಿರೋ ಒಳ್ಳೇ ಉದಾಹರಣೆ ಲ್ಯಾಬಿನದಲ್ಲ, ಹಾಲಿನದು. ನಮ್ಮೂರು ಮಾಸ್ತಿ. ಹೆಸರು ಕೇಳಿದ ತಕ್ಷಣ ಸಣ್ಣಕತೆ ನೆನಪಾಗೋ ಬೆಂಗಳೂರು ಗೆಳೆಯರಿಗೆ ಹೇಳೋದಾದರೆ, ಅದು ಮಾಲೂರು ತಾಲ್ಲೂಕಿನ ಒಂದು ಊರು, ಸುತ್ತಲೂ ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕೋ ಮನೆಗಳು. ಡೇರಿ ಯಂತ್ರದ ಚೀಟಿಯಲ್ಲಿ ಲೀಟರ್, ಫ್ಯಾಟು, ಎಸ್‌ಎನ್‌ಎಫ್, ದರ ಎಲ್ಲ ಬರುತ್ತೆ. ಕೋಶದ ಲೆಕ್ಕ ಬರಲ್ಲ. ಆದರೆ ಹಾಲಲ್ಲೂ ಕೋಶಗಳಿವೆ, ಹೆಚ್ಚಿನವು ಬಿಳಿ ರಕ್ತಕಣಗಳು. ಕೆಚ್ಚಲು ಬಾವು ಬಂದರೆ ಅವು ಏರುತ್ತವೆ. ಒಂದು ಎಂಎಲ್‌ಗೆ 2 ಲಕ್ಷದೊಳಗಿದ್ದರೆ ಕೆಚ್ಚಲು ಸರಿಯಿದೆ ಅಂತ ಸಾಮಾನ್ಯ ಲೆಕ್ಕ. ಯುರೋಪಿನಲ್ಲಿ ಡೇರಿಗೆ ಹೋಗೋ ಹಸಿ ಹಾಲಿಗೆ 4 ಲಕ್ಷದ ಮಿತಿ. ಅಮ್ಮ ಹಿಂಡೋ ಮೊದಲು ಎರಡು ಧಾರೆ ಅಂಗೈಗೆ ಬಿಟ್ಟು ಗಂಟು ಇದೆಯಾ ಅಂತ ನೋಡ್ತಾಳೆ. ಗಂಟು ಕಾಣೋ ಹೊತ್ತಿಗೆ ಬಾವು ಬಲಿತಿರುತ್ತೆ. ಕಾಣದ ಬಾವು ಮಾತ್ರ ತಿಂಗಳುಗಟ್ಟಲೆ ಸದ್ದಿಲ್ಲದೆ ಹಾಲು ಇಳಿಸುತ್ತೆ. ಹಿಡಿಯೋಕೆ ಬೇಕಾಗಿರೋದು ಎಣಿಕೆಯೇ.

ಎಣಿಸೋದು ಹೇಗೆ? ವ್ಯಾಲೇಸ್ ಕೋಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ಉಪಾಯ ಇದೆ. ಕೋಶಗಳಿರೋ ದ್ರವವನ್ನ ಸಣ್ಣ ತೂತಿನಿಂದ ಹಾಯಿಸಿ, ಅದೇ ತೂತಿನಲ್ಲಿ ವಿದ್ಯುತ್ ಹರಿಸಬೇಕು. ಒಂದು ಕಣ ಹಾದಾಗ ವಿದ್ಯುತ್ತಿಗೆ ಅಡ್ಡಿಯಾಗಿ ಒಂದು ಮಿಡಿತ ಕಾಣುತ್ತೆ. ಕಣ ದೊಡ್ಡದಾದಷ್ಟೂ ಮಿಡಿತ ದೊಡ್ಡದು. ರಕ್ತಕ್ಕೆ ಇದು ಅದ್ಭುತವಾಗಿ ಹೊಂದಿತು. ಹಾಲಿಗೆ ತಂದಾಗ ಕೊಬ್ಬಿನ ಹನಿಗಳೂ ತೂತಿನಲ್ಲಿ ಹಾಯ್ತಾವಲ್ಲ! ಅದಕ್ಕೇ ಮೊದಲು ಕೋಶ ಒಡೆಯದ ಹಾಗೆ ಗಟ್ಟಿ ಮಾಡಿ, ಕೊಬ್ಬು ಕರಗಿಸಿ, ಆಮೇಲೆ ಎಣಿಸೋ ಪದ್ಧತಿ ಬಂತು. ಹಸುವಿನ ಹಾಲಿಗೆ ಅಷ್ಟು ಸಾಕು.

ಮೇಕೆ ಹಾಲಿಗೆ ಸಾಲಲಿಲ್ಲ. ಮೇಕೆಯ ಕೆಚ್ಚಲು ಹಾಲು ಬಿಡುವಾಗ ಕೋಶಗಳ ತುದಿಯೇ ಚೂರಾಗಿ ಹಾಲಿಗೆ ಸೇರುತ್ತೆ. ಆ ಚೂರುಗಳೊಳಗೆ ನ್ಯೂಕ್ಲಿಯಸ್ ಇಲ್ಲ, ಅಂದರೆ ಕೋಶ ಅಲ್ಲ. ಗಾತ್ರ ಮಾತ್ರ ಬಿಳಿ ರಕ್ತಕಣದಷ್ಟೇ. ಗಾತ್ರ ನೋಡಿ ಎಣಿಸೋ ಯಂತ್ರ ಇವನ್ನೂ ಸೇರಿಸಿ ಆರೋಗ್ಯವಾಗಿರೋ ಮೇಕೆಗೂ ರೋಗ ಅಂತ ಹೇಳಿಬಿಡುತ್ತೆ. ಹಾಗಾಗಿ ಮೇಕೆ ಹಾಲಿಗೆ ಡಿಎನ್ಎಗೆ ಅಂಟೋ ಬಣ್ಣ ಬಳಸೋ ಪದ್ಧತಿಯೇ ಬೇಕು ಅಂತಾಯ್ತು. ಫೋಸೊಮ್ಯಾಟಿಕ್ ಥರದ ಯಂತ್ರಗಳು ಮಾಡೋದು ಅದನ್ನೇ: ನ್ಯೂಕ್ಲಿಯಸ್ ಹೊಳೆದರೆ ಮಾತ್ರ ಲೆಕ್ಕಕ್ಕೆ. ಮೇಕೆ ವಿಷಯದಲ್ಲಿ ಕೋಲ್ಟರ್ ಯಂತ್ರ ಕೆಟ್ಟಿರಲಿಲ್ಲ, ಎಣಿಕೆಯೂ ತಪ್ಪಿರಲಿಲ್ಲ. ಯಾವುದನ್ನ ಕೋಶ ಅನ್ನಬೇಕು ಅನ್ನೋ ತೀರ್ಮಾನ ಹಸುವಿನದು, ಹಾಕಿದ ಹಾಲು ಮೇಕೆಯದು.

ಇದು ಮೇಕೆ ಕಟ್ಟೋರ ಸಮಸ್ಯೆ, ನಮಗೇನು ಅನ್ನಬೇಡಿ. ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ಏರಲಿ ಅಂತ ಸಿಟಿಯವರು ಹುಡುಕಾಡೋದು ಇದೇ ಮೇಕೆ ಹಾಲು. (ಏರುತ್ತೋ ಇಲ್ಲವೋ, ರೇಟಂತೂ ಏರುತ್ತೆ.) ಆ ಪ್ಲೇಟ್‌ಲೆಟ್ ಎಣಿಸೋದೂ ಬಹಳಷ್ಟು ಕಡೆ ಕೋಲ್ಟರ್ ತತ್ವದ ಯಂತ್ರವೇ. ಕೆಲವರ ರಕ್ತದಲ್ಲಿ, ನೇರಳೆ ಮುಚ್ಚಳದ ಟ್ಯೂಬಿನೊಳಗಿನ ಇಡಿಟಿಎ ತಾಗಿದ ಮೇಲೆ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ. ಯಂತ್ರ ಗುಂಪನ್ನ ಪ್ಲೇಟ್‌ಲೆಟ್ ಅಂತ ಎಣಿಸಲ್ಲ, ಸಂಖ್ಯೆ ಪಾತಾಳಕ್ಕೆ. ಮೈಯಲ್ಲಿ ಎಲ್ಲ ಸರಿಯಾಗೇ ಇರುತ್ತೆ. ಉಲ್ಟಾನೂ ಆಗುತ್ತೆ. ಕಬ್ಬಿಣದಂಶ ಕಮ್ಮಿಯಾಗಿ ಕೆಂಪು ರಕ್ತಕಣ ತೀರಾ ಚಿಕ್ಕದಾದರೆ ಅವೇ ಪ್ಲೇಟ್‌ಲೆಟ್ ಅಂತ ಲೆಕ್ಕಕ್ಕೆ ಬಂದು ಸಂಖ್ಯೆ ಸುಳ್ಳೇ ಏರಬಹುದು. ಎರಡಕ್ಕೂ ಪರಿಹಾರ ಹಳೇದೇ: ಗಾಜಿನ ಮೇಲೆ ರಕ್ತ ಸವರಿ ಒಬ್ಬರು ಕಣ್ಣಾರೆ ನೋಡೋದು.

ಈಗ ಸಂಶೋಧನಾ ಲ್ಯಾಬಿಗೆ ಬರೋಣ. ಅಲ್ಲಿ ಇನ್ನೊಂದು ಸಂಖ್ಯೆ ಇದೆ, 'ವಯಬಿಲಿಟಿ', ನೂರರಲ್ಲಿ ಎಷ್ಟು ಕೋಶ ಬದುಕಿವೆ ಅಂತ. ಪರದೆ ಮೇಲೆ ಶೇ 94 ಅಂತ ಹಸಿರು ಅಕ್ಷರದಲ್ಲಿ ಬಂದರೆ ಎಲ್ಲರಿಗೂ ಖುಷಿ. ಟ್ರೈಪಾನ್ ಬ್ಲೂ ಹೇಳೋದು ಇಷ್ಟೇ: ಈ ಕೋಶದ ಪೊರೆ ಇನ್ನೂ ಹರಿದಿಲ್ಲ. ಸಾಯೋಕೆ ಶುರು ಮಾಡಿದ ಕೋಶವೂ ಪೊರೆ ಹರಿಯೋವರೆಗೆ ಬೆಳ್ಳಗೇ ಇರುತ್ತೆ. ಕಾರ್-ಟಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಡೋಸ್ ಅಂದರೆ ಮಿಲಿಗ್ರಾಂ ಅಲ್ಲ, ಬದುಕಿರೋ ಕೋಶಗಳ ಸಂಖ್ಯೆ. ಅಂಥ ಚಿಕಿತ್ಸೆಗೆ ಭಾರತದಲ್ಲಿ 2023ರಲ್ಲೇ ಒಪ್ಪಿಗೆ ಸಿಕ್ಕಿದೆ. ಅಲ್ಲಿ 'ಬದುಕಿದೆ' ಅನ್ನೋ ಪದದ ಅರ್ಥವನ್ನ ಡೀಫಾಲ್ಟ್‌ಗೆ ಬಿಡೋಕಾಗಲ್ಲ.

ಇನ್ನೊಂದು ಸಿಟ್ಟು ಆ ದಶಮಾಂಶಗಳ ಮೇಲೆ. ಬರೀ 100 ಕೋಶ ಎಣಿಸಿದರೆ, ಎಲ್ಲ ಸರಿಯಾಗಿ ಮಾಡಿದರೂ, ಅದೃಷ್ಟದಾಟಕ್ಕೇ ಸುಮಾರು 10 ಆಚೀಚೆ ಆಗುತ್ತೆ. 400 ಎಣಿಸಿದರೆ 20, ಅಂದರೆ ಶೇ 5. ಯಂತ್ರ ಎಷ್ಟು ಕೋಶ ನೋಡಿ ಈ ಉತ್ತರ ಕೊಡ್ತು, ಎಷ್ಟು ಆಚೀಚೆ ಆಗಬಹುದು ಅನ್ನೋದನ್ನ ದೊಡ್ಡ ಸಂಖ್ಯೆಯ ಪಕ್ಕದಲ್ಲೇ ಬರೆಯೋಕೆ ಪರದೆಯಲ್ಲಿ ಜಾಗ ಇಲ್ವಾ?

ಎಲ್ಲ ಯಂತ್ರವೂ ಒಂದೇ ಅಂತಿಲ್ಲ. ಕೌಂಟೆಸ್, ಟಿಸಿ20 ಥರದವು ಚಿತ್ರ ತೋರಿಸ್ತವೆ, ಬದುಕಿರೋದು ಯಾವುದು, ಸತ್ತಿರೋದು ಯಾವುದು ಅಂತ ಸುತ್ತು ಹಾಕಿ ತೋರಿಸ್ತವೆ, ಮಿತಿಗಳನ್ನ ತಿದ್ದೋಕೂ ಬಿಡ್ತವೆ. ಅದು ದೊಡ್ಡ ವಿಷಯ. ಆದರೆ ಆ ಚಿತ್ರ ನೋಡೋಕೆ ಒಂದು ಬಟನ್ ಜಾಸ್ತಿ ಒತ್ತಬೇಕು ಅಂದರೆ ಎಷ್ಟು ಜನ ಒತ್ತುತ್ತಾರೆ? ಸಾಫ್ಟ್‌ವೇರಿನವರಿಗೆ ಇದರ ಉತ್ತರ ಚೆನ್ನಾಗಿ ಗೊತ್ತು. ಚಿತ್ರ ಮೊದಲು ಬಂದು ಸಂಖ್ಯೆ ಆಮೇಲೆ ಬರಬೇಕು, ಸೆಟ್ಟಿಂಗ್ಸು ರಿಪೋರ್ಟಿನಲ್ಲೇ ಅಚ್ಚಾಗಬೇಕು.

ಕೊಳ್ಳೋರು ಡೆಮೋ ದಿನವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕೋಶ ಎಣಿಕೆಗೆಂದೇ ಇರೋ ಐಎಸ್ಒ 20391 ಮಾನದಂಡದ 2019ರ ಎರಡನೇ ಭಾಗ ನಿಂತಿರೋದು ಇದರ ಮೇಲೆ. ಸ್ಯಾಂಪಲ್ಲಿಗೆ ಅಷ್ಟೇ ಪ್ರಮಾಣದ ಬಫರ್ ಬೆರೆಸಿ, ಎಣಿಕೆ ಅರ್ಧಕ್ಕೆ ಇಳಿಯಬೇಕು. ಮತ್ತೆ ಬೆರೆಸಿ, ಕಾಲಿಗೆ ಇಳಿಯಬೇಕು. ಇಳಿಯದಿದ್ದರೆ ಯಂತ್ರ ಕೋಶದ ಜೊತೆ ಇನ್ನೇನನ್ನೋ ಎಣಿಸ್ತಿದೆ, ಇಲ್ಲವೇ ಅಂಟಿಕೊಂಡವನ್ನ ಬಿಡ್ತಿದೆ. ಎಲ್ಲ ಸರಿಯಾಗಿ ಇಳಿದರೂ ಮೇಕೆ ಹಾಲಿನ ಥರದ ತಪ್ಪು ಇದರಲ್ಲಿ ಸಿಕ್ಕಿಬೀಳಲ್ಲ, ಯಾಕಂದರೆ ಚೂರುಗಳೂ ಜೊತೆಗೇ ಅರ್ಧ ಆಗ್ತವೆ. ಅದಕ್ಕೆ ಇನ್ನೊಂದು ತತ್ವದ ಯಂತ್ರವೋ, ನ್ಯೂಬಾವರ್ ಚೇಂಬರೋ ಪಕ್ಕದಲ್ಲಿರಬೇಕು. ಹೊಸ ಬಗೆಯ ಕೋಶ ಲ್ಯಾಬಿಗೆ ಬಂದ ದಿನವಾದರೂ ಅದನ್ನ ಡ್ರಾಯರ್‌ನಿಂದ ಹೊರಗೆ ತೆಗೀರಿ.