ಸಿಡಿಲು ಸೀಳಿದ ಗುಮ್ಮಟ

ಹಾಸನದ ಕಡೆಯವರಿಗೆ ಇಲ್ಲದ ಶಿಖರವನ್ನು ನೋಡುವ ಅಭ್ಯಾಸ ಚಿಕ್ಕಂದಿನಿಂದಲೇ ಬಂದಿರುತ್ತದೆ. ಹಳೇಬೀಡಿನ ಹೊಯ್ಸಳೇಶ್ವರನ ಮುಂದೆ ನಿಂತಾಗ, ಗೋಡೆಯ ಆನೆಸಾಲಿನಿಂದ ಮೇಲಕ್ಕೇರಿದ ಕಣ್ಣು ಸೂರಿನ ಹತ್ತಿರ ತಡವರಿಸುತ್ತದೆ. ಅದರಾಚೆಗೆ ಬರೀ ಆಕಾಶ. ಮೊಸಳೆ ಎಂಬ ಊರಿನ ಜೋಡಿ ಗುಡಿಗಳನ್ನು ನೋಡಿ ಬಂದವರು ಅಲ್ಲಿನ ಗೋಪುರವನ್ನೇ ತಂದು ಇಲ್ಲಿ ಮನಸ್ಸಿನಲ್ಲಿ ಏರಿಸಿಕೊಳ್ಳುತ್ತಾರೆ. ನಾನು ಹೊಳೆನರಸೀಪುರದವನು, ಈ ಆಟವನ್ನು ಎಷ್ಟು ಸಲ ಆಡಿದ್ದೇನೋ.

ಅದೇ ಕಣ್ಣು ಹೊತ್ತು ಬೀದರಿನ ಪಕ್ಕದ ಅಷ್ಟೂರಿಗೆ ಹೋದೆ. ಬಹಮನಿ ಸುಲ್ತಾನರ ಗೋರಿಗಳು ಸಾಲುಗಟ್ಟಿ ನಿಂತ ಬಯಲು. ಸಾಲಿನಲ್ಲಿ ಒಂದು ಮಾತ್ರ ಬಾಯಿ ತೆರೆದುಕೊಂಡಿದೆ: 1461ರಲ್ಲಿ ತೀರಿಕೊಂಡ ಹುಮಾಯೂನ್ ಶಾಹನದು. ಸಿಡಿಲು ಬಡಿದು ಗುಮ್ಮಟದ ಬಹುಪಾಲು ಕುಸಿದುಹೋಗಿದೆ. ‘ಜಾಲಿಮ್’, ಅಂದರೆ ಕ್ರೂರಿ, ಎಂದು ಹೆಸರಾದ ದೊರೆ ಅವನು. ಸಿಡಿಲಿಗೂ ಅವನೇ ಸಿಕ್ಕಿದ ಮೇಲೆ ಜನ ಕಥೆ ಕಟ್ಟದೆ ಬಿಟ್ಟಾರೆಯೇ?

ನನಗೆ ಆ ಕಥೆಗಿಂತ ಕಟ್ಟಡವೇ ಹೆಚ್ಚು ರುಚಿಸಿತು. ಸೀಳಿಟ್ಟ ಹಲಸಿನ ಹಣ್ಣಿನ ಹಾಗೆ ಎಲ್ಲವೂ ಬಯಲಾಗಿದೆ. ಗೋಡೆಯ ದಪ್ಪ, ಗಾರೆಯ ಒಳಗಿನ ಒರಟು, ಉಳಿದ ಓಡಿನ ಅಂಚು ಆಕಾಶಕ್ಕೆ ಬರೆದ ಬಾಗು. ನೆಲದಲ್ಲಿ ಚೌಕವಾಗಿದ್ದ ಕೋಣೆ ಮೇಲೆ ಹೇಗೆ ದುಂಡಾಗುತ್ತದೆ ಎಂಬುದು ಇಡಿಯಾಗಿರುವ ಗೋರಿಗಳ ಗುಟ್ಟು. ಈ ಸೀಳಿದ ಗೋರಿಯನ್ನು ನೋಡಿಕೊಂಡು ಪಕ್ಕದ ಗೋರಿಗೆ ಹೋದರೆ, ಆ ನುಣುಪಿನ ಹಿಂದೆ ಎಷ್ಟು ಭಾರ ಎಷ್ಟು ಎಚ್ಚರದಿಂದ ಕೂತಿದೆ ಎಂದು ತಿಳಿಯುತ್ತದೆ. ಹಳೇಬೀಡನ್ನು ಅರಿಯಲು ಮೊಸಳೆಗೆ ಹೋಗಬೇಕು. ಇಲ್ಲಿ ದಾರಿ ತಿರುವುಮುರುವು.

ಅದೇ ಸಾಲಿನ ಇನ್ನೊಬ್ಬ ಸುಲ್ತಾನ ಅಲಾವುದ್ದೀನನ ಗೋರಿಯ ಹೊರಮೈ ಒಂದು ಕಾಲಕ್ಕೆ ಬಣ್ಣದ ಹೆಂಚಿನ ಬಿಲ್ಲೆಗಳದು. ಈಗ ಅಲ್ಲೊಂದು ಇಲ್ಲೊಂದು ನೀಲಿ ಚೂರು.

1436ರಲ್ಲಿ ತೀರಿಕೊಂಡ ಅಹಮದ್ ಶಾಹ್ ವಲಿಯ ಗೋರಿಯೊಳಗೆ ಕಾಲಿಟ್ಟರೆ ಮೊದಲು ಕತ್ತಲೆಯೊಂದೇ ಕಾಣುವುದು. ಕಾಯುವವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ಬಿಟ್ಟರು. ಗೋಡೆಯ ಮೇಲೆ ಅಂಗೈಯಗಲ ಕೆಂಪು ಎದ್ದಿತು, ಪಕ್ಕಕ್ಕೆ ನೀಲಿ, ಅದರೊಳಗೆ ಬಳ್ಳಿ, ಬಳ್ಳಿಯ ಮೇಲೆ ಚಿನ್ನದ ಅಕ್ಷರ. ಬೆಳಕು ಸರಿದಂತೆ ಹಿಂದಿನದು ಮತ್ತೆ ಕತ್ತಲೆಗೆ. ಪೂರ್ತಿ ಗೋಡೆಯನ್ನು ಒಟ್ಟಿಗೆ ನೋಡಿದೆ ಎನ್ನಲಾರೆ. ತುಣುಕುಗಳನ್ನು ನೆನಪಿನಲ್ಲಿ ಹೊಲಿದುಕೊಂಡೆ. ಈ ಸುಲ್ತಾನನನ್ನು ಲಿಂಗಾಯತ ಭಕ್ತರು ಅಲ್ಲಮಪ್ರಭುವೆಂದೇ ನಂಬುತ್ತಾರೆ. ಉರುಸಿಗೆ ಆಳಂದ ಕಡೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ, ಶಂಖ ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ.

ಅಲ್ಲಿ ನಿಂತಾಗ ದೂರದ ಟಿಂಬಕ್ಟು ಪಟ್ಟಣ ನೆನಪಾಯಿತು. 2012ರಲ್ಲಿ ಶಸ್ತ್ರಧಾರಿಗಳು ಅಲ್ಲಿನ ಸಂತರ ಮಣ್ಣಿನ ಗೋರಿಗಳನ್ನು ಗುದ್ದಲಿ ಹಿಡಿದು ಕೆಡವಿದರು. 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅದನ್ನು ಯುದ್ಧಾಪರಾಧವೆಂದು ತೀರ್ಪಿತ್ತಿತು. ಆ ಹೊತ್ತಿಗಾಗಲೇ ಊರಿನ ಗಾರೆಯವರು ಗೋರಿಗಳನ್ನು ಮತ್ತೆ ಎಬ್ಬಿಸಿದ್ದರು. ಮಣ್ಣಿಗೆ ಆ ಅನುಕೂಲವಿದೆ, ಕೈಗೆ ಪಳಗಿಕೆ ಉಳಿದಿದ್ದರೆ ಸಾಕು. ಅಹಮದ್ ಶಾಹನ ಗೋಡೆಯಿಂದ ಉದುರುವ ಬಣ್ಣಕ್ಕೆ ಆ ಅನುಕೂಲವಿಲ್ಲ. ಗುದ್ದಲಿ ಬೇಡ, ತೇವ ಸಾಕು. ಬಿದ್ದ ಸದ್ದೂ ಕೇಳಿಸದು.

ಕನ್ನಡಿಯ ಬೆಳಕು ಗುಮ್ಮಟದ ನೆತ್ತಿಯ ಕಡೆಗೆ ಏರಿತು, ಅರ್ಧಕ್ಕೇ ನಿಂತಿತು. ಹೊರಗೆ ಸೂರ್ಯ ಆಗಲೇ ಇಳಿಯುತ್ತಿದ್ದ. ಕಾಯುವವರು ಕನ್ನಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೇಳಿದರು: “ಮುಂಜಾನಿ ಬರ್ರಿ ಸರ್, ಆಗ ಇನ್ನೂ ಮ್ಯಾಲೆ ಹೋಗ್ತದ.”